ಕೇಂದ್ರ ಎಷ್ಟು ಸರಿದಿದೆ?

ಪ್ರೀತಿಯ ತಂಗೀ,

ನಿನ್ನ ಕಥೆಯನ್ನು ಎರಡು ಸಲ ಓದಿದೆ. ಮೊದಲ ಸಲ ನಗು ಬಂತು, ಎರಡನೇ ಸಲ ಬರಲಿಲ್ಲ. ನಿನ್ನ ಮುದುಕ ವಿಜ್ಞಾನಿ ಒಂದು ಕಾಲಿಗೆ ಕೆಂಪು, ಇನ್ನೊಂದಕ್ಕೆ ಹಸಿರು ಕಾಲುಚೀಲ ಹಾಕುತ್ತಾನೆ. ಬೆಕ್ಕಿಗೆ ಗಣಿತ ಹೇಳಿಕೊಡುತ್ತಾನೆ. ಮಳೆಯಲ್ಲಿ ಕೊಡೆ ಮಡಚಿಕೊಂಡು ನಡೆಯುತ್ತಾನೆ. ಸರಿ, ಆಸಾಮಿ ತಿಕ್ಕಲು ಅಂತ ಗೊತ್ತಾಯಿತು. ಆದರೆ ಕಾಲುಚೀಲದ ಬಣ್ಣ ಬದಲಾಯಿಸಿದರೆ ಕಥೆಯಲ್ಲಿ ಏನಾದರೂ ಬದಲಾಗುತ್ತದಾ? ಏನೂ ಇಲ್ಲ. ನನಗೆ ಕಿರಿಕಿರಿ ಆದದ್ದು ಅಲ್ಲೇ.

ಇಂಥವರನ್ನು ಇಂಗ್ಲಿಷಿನಲ್ಲಿ ‘ಎಕ್ಸೆಂಟ್ರಿಕ್’ ಅನ್ನುತ್ತಾರೆ. ಅದೇ ಪದ ಖಗೋಳ ವಿಜ್ಞಾನದಲ್ಲೂ ಇದೆ. ಅಲ್ಲಿ ನಾವು ಅದನ್ನು ಉತ್ಕೇಂದ್ರತೆ ಅಂತ ಮಾಡಿಕೊಂಡಿದ್ದೇವೆ. ಮೂಲ ಗ್ರೀಕಿನಲ್ಲಿ ಅದರ ಅರ್ಥ ‘ಕೇಂದ್ರದಿಂದ ಆಚೆ’, ಅಷ್ಟೇ. ನಮ್ಮ ‘ತಿಕ್ಕಲು’ ಬರೀ ಬೈಗುಳ. ‘ವಿಲಕ್ಷಣ’ ಅನ್ನುವುದು ಹೊರಗಿನಿಂದ ನೋಡಿ ಹೇಳುವ ಮಾತು. ಉತ್ಕೇಂದ್ರತೆ ಮಾತ್ರ ಒಳಗೆ ಏನೋ ಜಾಗ ಬಿಟ್ಟು ಸರಿದಿದೆ ಅನ್ನುತ್ತದೆ. ಈ ಪದವನ್ನು ಸ್ವಲ್ಪ ದಿನ ಜೊತೆಗಿಟ್ಟುಕೋ.

ಲೆಕ್ಕ ಸುಲಭ. ಖಗೋಳದಲ್ಲಿ ಅದು ಕಕ್ಷೆ ವೃತ್ತದಿಂದ ಎಷ್ಟು ಸರಿದಿದೆ ಅಂತ ಹೇಳುವ ಅಂಕಿ. ವೃತ್ತದ ಉತ್ಕೇಂದ್ರತೆ 0. ದೀರ್ಘವೃತ್ತದ್ದು 0 ಮತ್ತು 1ರ ನಡುವೆ. ಭೂಮಿಯ ಕಕ್ಷೆಯದು ಸುಮಾರು 0.017, ಮಂಗಳನದು 0.093. ಪಾಠದ ಚಿತ್ರಗಳಲ್ಲಿ ಈ ಕಕ್ಷೆಗಳನ್ನು ಮೊಟ್ಟೆಯ ಹಾಗೆ ಎಳೆದಿರುತ್ತಾರಲ್ಲ, ಅದು ಸುಳ್ಳು. ಮಂಗಳನ ಕಕ್ಷೆಯನ್ನು 1 ಮೀಟರ್ ಉದ್ದಕ್ಕೆ ಬರೆದೆ ಅಂದುಕೋ. ಅಗಲದಲ್ಲಿ ಕಮ್ಮಿಯಾಗುವುದು 5 ಮಿಲಿಮೀಟರ್ ಕೂಡ ಅಲ್ಲ. ಕಣ್ಣಿಗೆ ಅದು ಗುಂಡಗೇ ಕಾಣುತ್ತದೆ. ಆದರೆ ಸೂರ್ಯನನ್ನು ಗುರುತು ಮಾಡಲು ಹೋದರೆ, ಅವನು ನಟ್ಟನಡುವಿನಿಂದ ನಾಲ್ಕೂವರೆ ಸೆಂಟಿಮೀಟರಿಗಿಂತ ಜಾಸ್ತಿ ಪಕ್ಕಕ್ಕೆ ಸರಿದಿರುತ್ತಾನೆ!

ಇದನ್ನು ಮೊದಲ ಸಲ ಲೆಕ್ಕ ಹಾಕಿ ನೋಡಿದಾಗ ನಾನು ಪೆನ್ನು ಕೆಳಗಿಟ್ಟೆ. ಅಲ್ಲಿಯವರೆಗೆ ನಾನು ಬರೆದ ವಿಚಿತ್ರ ಮನುಷ್ಯರೆಲ್ಲ ಉಲ್ಟಾ ಆಗಿದ್ದರು. ಆಕಾರ ಸೊಟ್ಟ, ಕೇಂದ್ರ ಮಾತ್ರ ಎಲ್ಲರದ್ದು ಇದ್ದಲ್ಲೇ.

ಆ ಮಂಗಳನೇ ಖಗೋಳ ವಿಜ್ಞಾನಿ ಕೆಪ್ಲರನನ್ನು ವರ್ಷಗಟ್ಟಲೆ ಕಾಡಿದ್ದು. ವೃತ್ತ ಇಟ್ಟುಕೊಂಡು ಮಾಡಿದ ಲೆಕ್ಕಕ್ಕೂ ಟೈಕೊ ಬ್ರಾಹೆ ಅನ್ನುವ ಖಗೋಳ ವೀಕ್ಷಕ ಆಕಾಶ ನೋಡಿ ಬರೆದಿಟ್ಟದ್ದಕ್ಕೂ 8 ಕಲೆಯಷ್ಟು ಅಂತರ ಬಂತು. ಕಲೆ ಅಂದರೆ ಒಂದು ಡಿಗ್ರಿಯ 60ನೇ ಒಂದು ಪಾಲು. ಎಂಟು ಕಲೆ ಸೇರಿದರೂ ಹುಣ್ಣಿಮೆ ಚಂದ್ರನ ಅಗಲದ ಕಾಲು ಭಾಗ. ಬೇರೆಯವರಾಗಿದ್ದರೆ ‘ಇರಲಿ ಬಿಡು’ ಅನ್ನುತ್ತಿದ್ದರು. ಅವನು ಬಿಡಲಿಲ್ಲ. 1609ರಲ್ಲಿ ದೀರ್ಘವೃತ್ತವನ್ನು ಜಗತ್ತಿನ ಮುಂದಿಟ್ಟ. ನೀನೂ ಮನುಷ್ಯರಲ್ಲಿ ಹುಡುಕಬೇಕಾದದ್ದು ಅಂಥ ಎಂಟು ಕಲೆ.

ಇಂಗ್ಲೆಂಡಿನ ವಿಜ್ಞಾನಿ ಹೆನ್ರಿ ಕ್ಯಾವೆಂಡಿಷ್‌ನನ್ನೇ ತಗೋ. ಮಹಾ ಸಂಕೋಚದ ಮನುಷ್ಯ. ಮನೆಗೆಲಸದ ಹೆಂಗಸರ ಮುಖ ನೋಡಲಾರದೆ ಊಟಕ್ಕೆ ಏನು ಬೇಕು ಅಂತ ಚೀಟಿ ಬರೆದಿಡುತ್ತಿದ್ದನಂತೆ. ಇಷ್ಟನ್ನೇ ಬರೆದರೆ ಅದು ಚುಟುಕು, ಓದಿ ನಕ್ಕು ಮರೆಯುತ್ತಾರೆ. ಈಗ ಇನ್ನೊಂದು ವಿಷಯ ಸೇರಿಸು. 1798ರಲ್ಲಿ ಅವನು ಭೂಮಿಯ ಸಾಂದ್ರತೆ ಅಳೆದ ಫಲಿತಾಂಶ ಪ್ರಕಟಿಸಿದ. ಸೀಸದ ಗುಂಡುಗಳ ನಡುವಿನ ಅತಿ ಸಣ್ಣ ಸೆಳೆತವನ್ನು ಹಿಡಿಯುವ ಪ್ರಯೋಗ ಅದು. ಕೋಣೆಯೊಳಗೆ ಮನುಷ್ಯ ನಿಂತರೆ ಅವನ ಮೈಬಿಸಿಗೇ ಗಾಳಿ ಅಲುಗಿ ಲೆಕ್ಕ ಕೆಡುತ್ತದೆ. ಹಾಗಾಗಿ ಕ್ಯಾವೆಂಡಿಷ್ ಹೊರಗೇ ನಿಂತು ದೂರದರ್ಶಕದಲ್ಲಿ ಒಳಗೆ ನೋಡಿದ. ಬಂದ ಉತ್ತರ, ಭೂಮಿ ನೀರಿಗಿಂತ ಸುಮಾರು ಐದೂವರೆ ಪಟ್ಟು ಸಾಂದ್ರ. ಇಂದಿನ ಅಂಕಿ 5.51.

ಚೀಟಿ ಬರೆದವನೂ ಕೋಣೆಯ ಹೊರಗೆ ನಿಂತವನೂ ಒಬ್ಬನೇ, ಅಲ್ವಾ? ಎರಡಕ್ಕೂ ಕಾರಣ ಒಂದೇ ಅಂತ ನಾನು ಆಣೆ ಮಾಡಲಾರೆ. ಆದರೆ ಕಥೆಗಾರಳಾದ ನಿನಗೆ ಆ ಎರಡೂ ಚಿತ್ರ ಪಕ್ಕಪಕ್ಕ ಕಂಡರೆ ಸಾಕು. ಆಮೇಲೆ ಅವನನ್ನು ಕಂಡು ನಗಲು ಆಗುವುದಿಲ್ಲ.

ಹ್ಯಾಲಿ ಧೂಮಕೇತುವಿನಂಥವರೂ ಇದ್ದಾರೆ. ಉತ್ಕೇಂದ್ರತೆ 0.967. ಸುಮಾರು 76 ವರ್ಷದ ಸುತ್ತಿನಲ್ಲಿ ಬಹುಪಾಲು ಕತ್ತಲಲ್ಲೇ ನಿಧಾನಕ್ಕೆ ಹೋಗುತ್ತದೆ. ಸೂರ್ಯನ ಹತ್ತಿರ ಬಂದಾಗ ಒಂದೇ ಓಟ. 1986ರಲ್ಲಿ ಬಂದಿತ್ತು, ಇನ್ನು 2061ಕ್ಕೆ. ಅಂಥವರನ್ನು ಪುಟಪುಟದಲ್ಲೂ ತರಬೇಡ, ಸವೆದುಹೋಗುತ್ತಾರೆ.

ಹಾಂ, ಇನ್ನೊಂದು. ಫೋನ್ ಗುರ್ ಗುರ್ ಅನ್ನುತ್ತದಲ್ಲ, ಎಷ್ಟೋ ಫೋನುಗಳಲ್ಲಿ ಅದನ್ನು ಮಾಡುವುದು ಪುಟ್ಟ ಮೋಟಾರಿಗೆ ಒಂದೇ ಪಕ್ಕಕ್ಕೆ ಕೂರಿಸಿದ ತೂಕ. ತೂಕ ಸರಿಯಾಗಿ ನಡುವೆ ಕೂತಿದ್ದರೆ ಸುಮ್ನೆ ತಿರುಗುತ್ತಿತ್ತು, ಫೋನು ಅಲುಗುತ್ತಿರಲಿಲ್ಲ. ನಿನ್ನ ಕಥೆಯಲ್ಲಿ ಮುದುಕನ ಹೆಂಡತಿ ಇದ್ದಾಳೆ, ಮಗ ಇದ್ದಾನೆ. ಇಬ್ಬರೂ ಅಲುಗುವುದೇ ಇಲ್ಲ! ಅವನ ಜೊತೆ ನಲವತ್ತು ವರ್ಷ ಬಾಳಿದವಳು ಒಂದು ಸಲವೂ ಸಿಡುಕುವುದಿಲ್ಲ ಅಂದರೆ ನಾನು ಹೇಗೆ ನಂಬಲಿ?

ಈಗ ಕೆಲಸದ ಮಾತು. ಕಾಲುಚೀಲ ತೆಗೆದುಬಿಡು. ಕೊಡೆ ಇರಲಿ, ಆದರೆ ಅವನು ಅದನ್ನು ಯಾಕೆ ಮಡಚಿದ ಅಂತ ನಿನಗಾದರೂ ಗೊತ್ತಿರಬೇಕು. ಗೊತ್ತಾದ ಮೇಲೆ ಕಥೆಯಲ್ಲಿ ಹೇಳಬೇಡ. ಹೆಂಡತಿಗೆ ಗೊತ್ತಿದೆ ಅನ್ನುವ ಹಾಗೆ ಬರಿ.

ಬೆಕ್ಕನ್ನೂ ತೆಗೆ ಅನ್ನಬೇಕು ಅಂದುಕೊಂಡೆ. ಬೇಡ, ಅದು ಲೆಕ್ಕ ಕೇಳುತ್ತಾ ನಿದ್ದೆ ಹೋಗುವ ಸಾಲು ಚೆನ್ನಾಗಿದೆ.

ಇಂತಿ,
ಅಕ್ಕ