ದತ್ತಿನಿಧಿ ಎಲ್ಲಿ ಹೂಡುವುದು: ಬಾಸ್ಟನ್ನಿನಿಂದ ಅಪ್ಪನಿಗೆ

ತೀರ್ಥರೂಪು ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು.

ಹಾರ್ವರ್ಡ್‌ನವರು ಎಣ್ಣೆ, ಕಲ್ಲಿದ್ದಲಿನಿಂದ ದುಡ್ಡು ಹಿಂತೆಗೆದರಂತೆ, ನಿಮ್ಮ ಟ್ರಸ್ಟಿನ ಕಾಲೇಜಿಗೂ ಅಂಥ ಠರಾವು ಬೇಕೇ ಎಂದು ಕೇಳಿದ್ದೀರಿ. ಠರಾವು ಬರೆಯುವುದು ಒಂದು ಸಂಜೆಯ ಕೆಲಸ. ಅದು ಎಷ್ಟು ದುಡ್ಡಿಗೆ ತಾಗುತ್ತದೆ ಎಂಬುದನ್ನು ನೋಡಬೇಕು.

ಹಾರ್ವರ್ಡ್‌ನ ದತ್ತಿನಿಧಿ 2024ರ ಜೂನ್ ಕೊನೆಗೆ ಸುಮಾರು 5,320 ಕೋಟಿ ಡಾಲರ್. ಅದು ಒಂದೇ ಗಂಟಲ್ಲ, ದಾನಿಗಳು ಬೇರೆ ಬೇರೆ ಉದ್ದೇಶಕ್ಕೆ ಕೊಟ್ಟ ಸಾವಿರಾರು ದತ್ತಿಗಳು, ನಮ್ಮ ಚಿನ್ನದ ಪದಕದ ದತ್ತಿಗಳ ಹಾಗೆಯೇ. ವರ್ಷಕ್ಕೆ ಶೇ. 5ರ ಆಸುಪಾಸು ಖರ್ಚಿಗೆ ಕೊಡುತ್ತಾರೆ. ಹಣದುಬ್ಬರ ಶೇ. 3 ಇದ್ದರೆ ಶೇ. 8 ಗಳಿಸಿದಾಗಷ್ಟೇ ಅಸಲಿನ ಬೆಲೆ ನಿಲ್ಲುತ್ತದೆ. ಹಾಗಾಗಿ ಎಫ್‌ಡಿ ಇವರಿಗೆ ಸಾಲದು.

2021ರ ಸೆಪ್ಟೆಂಬರಿನಲ್ಲಿ ಹಾರ್ವರ್ಡ್‌ನ ಆಗಿನ ಅಧ್ಯಕ್ಷ ಲಾರೆನ್ಸ್ ಬಕಾವ್ ಹೇಳಿದ್ದರಲ್ಲಿ ಎರಡು ಮಾತಿದ್ದವು. ಪಳೆಯುಳಿಕೆ ಇಂಧನ ತೆಗೆಯುವ ಕಂಪನಿಗಳಲ್ಲಿ ನೇರ ಹೂಡಿಕೆ ಈಗಿಲ್ಲ, ಮುಂದೆಯೂ ಮಾಡುವುದಿಲ್ಲ. ಆ ವಲಯದ ಪ್ರೈವೇಟ್ ಈಕ್ವಿಟಿಯಲ್ಲಿ (ಷೇರುಪೇಟೆಗೆ ಬಾರದ ಕಂಪನಿಗಳನ್ನು ಕೊಳ್ಳುವ ಹೊರಗಿನವರ ನಿಧಿಗಳಲ್ಲಿ) ಉಳಿದಿರುವುದು ದತ್ತಿನಿಧಿಯ ಶೇ. 2ಕ್ಕಿಂತ ಕಡಿಮೆ, ಅದು ಅವಧಿ ಮುಗಿದಂತೆ ಕರಗುತ್ತದೆ. ಪತ್ರಿಕೆಗಳು ಮೊದಲನೆಯದನ್ನು ದಪ್ಪಕ್ಷರದಲ್ಲಿ ಹಾಕಿದವು. ತೊಡಕಿರುವುದು ಎರಡನೆಯದರಲ್ಲಿ. 2024ರ ಲೆಕ್ಕದಲ್ಲಿ ನಿಧಿಯ ಶೇ. 39 ಪ್ರೈವೇಟ್ ಈಕ್ವಿಟಿ, ಶೇ. 32 ಹೆಜ್ ಫಂಡ್ (ಬಗೆಬಗೆಯ ತಂತ್ರದಲ್ಲಿ ದುಡ್ಡು ತೊಡಗಿಸುವ ಹೊರಗಿನವರ ಖಾಸಗಿ ನಿಧಿ). ಅಂದರೆ ಯಾವ ಕಂಪನಿ ಕೊಳ್ಳಬೇಕೆಂದು ನಿರ್ಧರಿಸುವವರು ಬಹುಪಾಲು ಹೊರಗಿನವರು. ಪ್ರೈವೇಟ್ ಈಕ್ವಿಟಿಯ ಕರಾರು ಸಾಮಾನ್ಯವಾಗಿ ಹತ್ತು ವರ್ಷದ್ದು, ಒಪ್ಪಿದ ಮೊತ್ತವನ್ನು ನಿಧಿ ನಡೆಸುವವರು ಕೇಳಿದಾಗಲೆಲ್ಲ ಕಟ್ಟಬೇಕು. ನಡುವೆ ಬಿಡುವುದೆಂದರೆ ಅವಸರಕ್ಕೆ ಚೀಟಿ ಕೂಗಿದ ಹಾಗೆ, ನಷ್ಟಕ್ಕೇ ಕೂಗಬೇಕು.

ಇಂಗ್ಲೆಂಡಿನ ಕೇಂಬ್ರಿಜ್ 2020ರಲ್ಲಿ ನೇರ, ಪರೋಕ್ಷ ಎರಡನ್ನೂ ಸೇರಿಸಿ 2030ರ ಗಡುವು ಹಾಕಿಕೊಂಡಿತು. ನನಗೆ ಈ ದಾರಿಯೇ ಮೇಲು ಅನ್ನಿಸುತ್ತದೆ. ಹಳೆಯ ಕರಾರು ಮುಗಿದು ಹೊಸದಕ್ಕೆ ಸಹಿ ಹಾಕುವಾಗ ಷರತ್ತು ಸೇರಿಸಲು ಸಮಯ ಸಿಗುತ್ತದೆ.

ಯಾವ ಕಂಪನಿ ಬೇಡ ಎಂದು ಪಟ್ಟಿ ಮಾಡುವಾಗ ಇನ್ನೊಂದು ಎಡವಟ್ಟು. 'ಆದಾಯದ ಶೇ. 10ಕ್ಕಿಂತ ಹೆಚ್ಚು ಕಲ್ಲಿದ್ದಲಿನಿಂದ ಬಂದರೆ ಬೇಡ' ಎಂದು ಬರೆದರೆ ಸಣ್ಣ ಗಣಿ ಕಂಪನಿ ಹೊರಬೀಳುತ್ತದೆ. ಅದರ ಹತ್ತು ಪಟ್ಟು ಅಗೆಯುವ ದೊಡ್ಡ ಸಮೂಹ, ಬೇರೆ ವ್ಯಾಪಾರದ ಆದಾಯ ಹೆಚ್ಚಿರುವುದರಿಂದ, ಒಳಗೇ ಉಳಿಯುತ್ತದೆ. ಶೇಕಡಾ ಜೊತೆಗೆ ಟನ್ ಲೆಕ್ಕದ ಮಿತಿಯೂ ಬೇಕು.

ಷೇರು ಮಾರಿದರೆ ಕಂಪನಿಯ ಸಭೆಯಲ್ಲಿ ನಮಗಿರುವ ಮತವೂ ಹೋಗುತ್ತದೆ ಅನ್ನುವವರಿದ್ದಾರೆ. 2021ರಲ್ಲಿ ಎಂಜಿನ್ ನಂ. 1 ಎಂಬ ಪುಟ್ಟ ಸಂಸ್ಥೆ ಬರೀ ಶೇ. 0.02 ಷೇರು ಹಿಡಿದು, ದೊಡ್ಡ ಹೂಡಿಕೆದಾರರನ್ನು ಒಪ್ಪಿಸಿ, ಎಣ್ಣೆ ಕಂಪನಿ ಎಕ್ಸಾನ್‌ಮೊಬಿಲ್ ಮಂಡಳಿಗೆ ಮೂವರನ್ನು ಗೆಲ್ಲಿಸಿತು. ಆದರೆ ಅಷ್ಟು ಓಡಾಡಲು ಆಳು ಬೇಕು, ವಕೀಲರು ಬೇಕು.

ಇನ್ನು ನಿಮ್ಮ ಸಮಿತಿ. ಟ್ರಸ್ಟು ದುಡ್ಡನ್ನು ಎಲ್ಲಿ ಹೂಡಬಹುದೆಂಬ ಆದಾಯ ತೆರಿಗೆ ಕಾಯ್ದೆಯ ನಿಯಮ (1961ರ ಕಾಯ್ದೆಯಲ್ಲಿ 11(5)) ನೆನಪಿರಲಿ: ಬ್ಯಾಂಕ್ ಠೇವಣಿ, ಸರ್ಕಾರಿ ಸಾಲಪತ್ರ, ಅಂಚೆ ಉಳಿತಾಯ, ಸರ್ಕಾರಿ ಸ್ವಾಮ್ಯದ ಕಂಪನಿ, ಮ್ಯೂಚುವಲ್ ಫಂಡ್ ಇಂಥವಷ್ಟೇ. ಖಾಸಗಿ ಕಂಪನಿಯ ಷೇರನ್ನು ಟ್ರಸ್ಟು ಮಾರುಕಟ್ಟೆಯಲ್ಲಿ ಕೊಳ್ಳುವಂತೆಯೇ ಇಲ್ಲ. ಸರ್ಕಾರಿ ಕಂಪನಿಯ ಷೇರೂ ನಿಮ್ಮಲ್ಲಿ ಇಲ್ಲವಾದರೆ, ಇಲ್ಲದ ಷೇರು ಮಾರುತ್ತೇವೆಂಬ ಠರಾವು ಯಾಕೆ? ಮ್ಯೂಚುವಲ್ ಫಂಡಿನಲ್ಲಿ ಇಟ್ಟಿದ್ದರೆ ಮಾತ್ರ ಅದರ ತಿಂಗಳ ಪೋರ್ಟ್‌ಫೋಲಿಯೋ ತೆಗೆದು ನೋಡಿ. ನಿಫ್ಟಿ 50 ಇಂಡೆಕ್ಸ್ ಫಂಡ್ (ಆ ಸೂಚ್ಯಂಕದ 50 ದೊಡ್ಡ ಕಂಪನಿಗಳ ಷೇರನ್ನೂ ಕೊಳ್ಳುವ ಫಂಡ್) ಆದರೆ ಕೋಲ್ ಇಂಡಿಯಾ, ಒಎನ್‌ಜಿಸಿ ಜೊತೆಗೇ ಬಂದಿರುತ್ತವೆ.

ನಿಮ್ಮಲ್ಲಿ ನನಗೆ ಹೆಚ್ಚು ಚಿಂತೆ ಪದಕದ ದತ್ತಿಗಳದು. ಒಂದು ಲಕ್ಷಕ್ಕೆ ಶೇ. 7ರಂತೆ 7,000 ಬಡ್ಡಿ. ಆದಾಯದ ಶೇ. 85 ಆಯಾ ವರ್ಷವೇ ಖರ್ಚಾಗಬೇಕೆಂಬ ನಿಯಮದಿಂದ ಸುಮ್ಮನೆ ಉಳಿಸಬಹುದಾದ್ದು 1,050 ಮಾತ್ರ. ಹಣದುಬ್ಬರ ಶೇ. 5 ಆದರೆ ಅಸಲು ಸವೆಯುವುದು 5,000ದಷ್ಟು. ಹೆಚ್ಚು ಉಳಿಸಬೇಕಾದರೆ ಉದ್ದೇಶ ನಮೂದಿಸಿ ಗಡುವಿನೊಳಗೆ ತೆರಿಗೆ ಇಲಾಖೆಗೆ ನಿಗದಿತ ಫಾರ್ಮ್ (1961ರ ಕಾಯ್ದೆಯಡಿ ಫಾರ್ಮ್ 10) ಹಾಕಬೇಕು, ಅದೂ ಐದು ವರ್ಷದ ಮಟ್ಟಿಗೆ. ಆಡಿಟರನ್ನು ಇದನ್ನೇ ಮೊದಲು ಕೇಳಿ. ದಾನಿಗಳ ಮನೆಯವರು ಹತ್ತು ವರ್ಷಕ್ಕೊಮ್ಮೆ ಅಸಲಿಗೆ ಸೇರಿಸುವಂತೆ ದತ್ತಿಪತ್ರದಲ್ಲೇ ಒಂದು ಸಾಲು ಬರೆಸುವುದಾದರೆ ಇನ್ನೂ ಒಳ್ಳೆಯದು.

ಅಮ್ಮನಿಗೆ, ಅಜ್ಜಿಗೆ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಮಗಳು