ಮಗ ಪಿಯುಸಿ ಪಾಸಾದ, ಎಲ್ಲರಿಗೂ ನಮಸ್ಕಾರ

ನನ್ನ ಮಗ ದ್ವಿತೀಯ ಪಿಯುಸಿ ಪಾಸಾಗಿದ್ದಾನೆ. ಹಿಮೋಫಿಲಿಯಾ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಹುಟ್ಟುರೋಗ, ಇರುವ ಹುಡುಗ ಒಂದು ಪರೀಕ್ಷೆಯನ್ನೂ ತಪ್ಪಿಸದೆ ಬರೆದಿದ್ದಾನೆ ಎಂದರೆ ಅದರಲ್ಲಿ ಗಂಗಾವತಿಯ ಎಷ್ಟೋ ಜನರ ಪಾಲಿದೆ.

ಮೊದಲ ನಮಸ್ಕಾರ ನಮ್ಮ ಓಣಿಯ ಆಟೊ ಅಣ್ಣನಿಗೆ. ಒಳಗೇ ರಕ್ತ ಸೋರಿ ಮಗನ ಮೊಣಕಾಲು ಊದಿಕೊಂಡಿತೆಂದು ನಡುರಾತ್ರಿ ಬಾಗಿಲು ಬಡಿದಾಗಲೆಲ್ಲ ಮರುಮಾತಿಲ್ಲದೆ ಹೊರಟು ಬಂದವರು ಅವರು. ಆಸ್ಪತ್ರೆಯ ಸಿಸ್ಟರ್ ಅಕ್ಕನನ್ನಂತೂ ಮರೆಯಲಾರೆ. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನ್ ಫ್ಯಾಕ್ಟರ್ 8. ಚುಚ್ಚುಮದ್ದಿಗಾಗಿ ಅದರ ಪುಡಿಗೆ ನೀರು ಸೇರಿಸಿದ ಮೇಲೆ ಸೀಸೆಯನ್ನು ಕುಲುಕಬಾರದು, ನೊರೆ ಏಳುತ್ತದೆ. ಅಕ್ಕ ಅದನ್ನು ಎರಡು ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸುತ್ತ, ಪುಡಿ ಕರಗುವವರೆಗೂ ಮಗನ ಲೆಕ್ಕಶಾಸ್ತ್ರದ ಪಾಠ ಕೇಳುತ್ತಿದ್ದರು.

ತಾಯಿಯಿಂದ ಬಂದ ರೋಗವೆಂದು ನೆಂಟರು ನನ್ನ ಹೆಂಡತಿಯನ್ನು ಚುಚ್ಚುತ್ತಿದ್ದ ಕಾಲವೂ ಇತ್ತು. ವೈದ್ಯರು ಹಿರಿಯರನ್ನೆಲ್ಲ ಕೂರಿಸಿಕೊಂಡು, ಸುಮಾರು ಮೂರರಲ್ಲಿ ಒಬ್ಬ ರೋಗಿಯ ಮನೆತನದಲ್ಲಿ ಹಿಂದೆ ಯಾರಿಗೂ ಇದು ಇರುವುದಿಲ್ಲ, ಯಾರನ್ನೂ ದೂರಬೇಡಿ ಎಂದು ಬಿಡಿಸಿ ಹೇಳಿದರು. ಅಂದಿನಿಂದ ಮನೆಯಲ್ಲಿ ಆ ಮಾತು ನಿಂತಿತು. ಆ ಋಣ ದೊಡ್ಡದು.

ನಾವು ಕಣ್ಣಾರೆ ಕಾಣದ ಒಬ್ಬರಿಗೂ ಕೈಮುಗಿಯಬೇಕು. ಕೆನಡಾದ ಮಾಂಟ್ರಿಯಲ್‌ನಲ್ಲಿ ವ್ಯಾಪಾರ ಮಾಡುತ್ತಿದ್ದ ಫ್ರಾಂಕ್ ಶ್ನಾಬೆಲ್ ಅವರಿಗೆ ತೀವ್ರ ಹಿಮೋಫಿಲಿಯಾ ಇತ್ತು. 1963ರಲ್ಲಿ ಕೋಪನ್‌ಹೇಗನ್‌ನಲ್ಲಿ ಹಲವು ದೇಶಗಳವರನ್ನು ಸೇರಿಸಿ ಅವರು ವಿಶ್ವ ಹಿಮೋಫಿಲಿಯಾ ಒಕ್ಕೂಟ ಕಟ್ಟಿದರು. ಆಗ ರಕ್ತ ಅಥವಾ ಅದರ ದ್ರವಭಾಗವಾದ ಪ್ಲಾಸ್ಮಾ ಏರಿಸುವುದೇ ಮುಖ್ಯ ಚಿಕಿತ್ಸೆ. ಅತಿಶೀತದಲ್ಲಿಟ್ಟು ಮಂಜುಗಡ್ಡೆಯಂತಾಗಿಸಿದ ಪ್ಲಾಸ್ಮಾವನ್ನು ನಿಧಾನವಾಗಿ ಕರಗಿಸಿದರೆ ತಳದಲ್ಲಿ ಉಳಿಯುವ ಗಸಿಯಲ್ಲಿ ಫ್ಯಾಕ್ಟರ್ 8 ಹೇರಳವಾಗಿರುತ್ತದೆ ಎಂದು ಅಮೆರಿಕದ ಜುಡಿತ್ ಪೂಲ್ ತೋರಿಸಿಕೊಟ್ಟದ್ದು 1964ರಲ್ಲಿ. 1969ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಕ್ಕೂಟಕ್ಕೆ ಮಾನ್ಯತೆ ನೀಡಿತು. ನೋವು ತಿಂದವನೇ ಎದ್ದು ನಿಂತು ವೈದ್ಯರನ್ನು ಜೊತೆಗೆ ಕರೆದುಕೊಂಡ ಈ ಕಥೆಯನ್ನು ಮಗನಿಗೆ ಎಷ್ಟೋ ಸಲ ಹೇಳಿದ್ದೇನೆ. ಶ್ನಾಬೆಲ್ ಮಾತ್ರ ಕಲುಷಿತ ರಕ್ತೋತ್ಪನ್ನದಿಂದ ಏಡ್ಸ್ ತಗುಲಿ 1987ರಲ್ಲಿ ತೀರಿಕೊಂಡರು. ಅವರು ಹುಟ್ಟಿದ ಏಪ್ರಿಲ್ 17 ಈಗ ವಿಶ್ವ ಹಿಮೋಫಿಲಿಯಾ ದಿನ.

ನಮ್ಮ ದೇಶದ ಒಕ್ಕೂಟವನ್ನು 1983ರಲ್ಲಿ ಹುಟ್ಟುಹಾಕಿದ ಅಶೋಕ್ ಬಹಾದೂರ್ ವರ್ಮಾ ಅವರೂ ಇದೇ ರೋಗ ಅನುಭವಿಸಿದವರು. ದಾವಣಗೆರೆಯ ಹಿಮೋಫಿಲಿಯಾ ಸೊಸೈಟಿಯವರಿಗೂ ನಮ್ಮ ಮನೆಯವರೆಲ್ಲರ ವಂದನೆಗಳು.

ಮಗ ಈಗ ಬಿ.ಕಾಂ.ಗೆ ಅರ್ಜಿ ಹಾಕಿದ್ದಾನೆ. ಗಂಗಾವತಿ, ಕಾರಟಗಿ ಕಡೆ ಯಾವುದೇ ಮನೆಯ ಮಗುವಿಗೆ ಗಾಯದ ರಕ್ತ ಬೇಗ ನಿಲ್ಲುತ್ತಿಲ್ಲವೆಂದರೆ ನನಗೆ ಹೇಳಿ ಕಳುಹಿಸಿ. ಪರೀಕ್ಷೆ ಮಾಡಿಸಲು ನಾನೇ ಜೊತೆಗೆ ಬರುತ್ತೇನೆ.