ಮಗಳಿಗೊಂದು ಪತ್ರ: ತೋಡಿ ರಾಗಕ್ಕ ಯಾವ ಗುಲಾಬಿ?

ಕಲಬುರಗಿ

ಪ್ರೀತಿಯ ಪುಟ್ಟವ್ವಾ,

ಗುಲಾಬಿ ಫೋಟೋ ಕೂಡಿಸಿ ವಿಡಿಯೋ ಮಾಡ್ಲಿಕತ್ತೀನಿ ಅಂದಾಗ ನೀ, "ಹಿಂದ ಯಾವುದರೆ ಕೊಳಲು ಹಾಕಿಬಿಡು ಅವ್ವಾ" ಅಂದಿ. ಫೋನಿನ್ಯಾಗ ಹೇಳಿದ್ರ ಅರ್ಧಕ್ಕ ನಗತಿ, ಅದಕ್ಕ ಬರದು ಕಳಸ್ತೀನಿ. ಕೊಳಲು ಹಾಕೂದಿಲ್ಲ, ಹಿಂದುಸ್ತಾನಿ ರಾಗ ಹಾಡಿದ್ದು ಹಾಕ್ತೀನಿ.

ಅಕ್ಟೋಬರದಾಗ ಕತ್ತರಿಸಿದ ಗಿಡ ಈಗ ತುಂಬಿ ಅರಳ್ಯಾವ. ನಮ್ಮ ಊರಾಗ ಗುಲಾಬಿಗೆ ಚಳಿಗಾಲನೇ ಕಾಲ. ಬ್ಯಾಸಗ್ಯಾಗ 40 ಡಿಗ್ರಿ ದಾಟಿತಂದ್ರ ಹೂ ಸಣ್ಣ ಆಗ್ತಾವ, ಎಸಳಿನ ಅಂಚು ಕರ್ರಗಾಗ್ತದ. ಈಗ ಎಳಿಬಿಸಿಲು ಕಂಪೌಂಡ್ ಗ್ವಾಡಿ ದಾಟಿ ಓರೆಯಾಗಿ ಬೀಳ್ತದಲ್ಲ, ಹೂವಿನ ಹಿಂದ ಬಿಸಿಲು ಬರೂ ಹಂಗ ಕುಕ್ಕರಗಾಲಿಲೆ ಕೂತ್ರ ಎಸಳಿನ ನರ ಒಂದೊಂದೂ ಕಾಣ್ತಾವ. ಕೆಂಪು ಹೂವಿನ ಮ್ಯಾಲೆ ನೇರ ಬಿಸಿಲು ಬಿದ್ರ ಮಾತ್ರ ಕೆಟ್ಟಿತು: ಕ್ಯಾಮೆರಾಕ್ಕ ಅಷ್ಟು ಕೆಂಪು ತಡಕೊಳ್ಳಾಕ ಆಗೂದಿಲ್ಲ, ಮಡಿಕಿ ಎಲ್ಲ ಅಳಿಸಿ ಬರೇ ಕೆಂಪು ತ್ಯಾಪಿ ಉಳೀತದ. ಫೋನಿನ್ಯಾಗ ಹೂವಿನ ಮ್ಯಾಲೆ ಬೆರಳಿಟ್ಟಾಗ ಬರೂ ಸೂರ್ಯನ ಗುರುತು ಕೆಳಗ ಎಳೀಬೇಕು. ಫೋಟೋ ಜರಾ ಕಪ್ಪಾದ್ರೂ ಮಡಿಕಿ ಉಳೀತಾವ. ನೀರು ಸಿಂಪಡಿಸಿ ಇಬ್ಬನಿ ಅನ್ನೋರೂ ಅದಾರ. ನಾ ಅಂತಾದ್ದು ಮಾಡೂದಿಲ್ಲ.

ಕೆಂಪು ಗುಲಾಬಿ ಅಂದ್ರ ಪ್ರೀತಿ, ಅದಕ್ಕ ಯಮನ್ ರಾಗ ಹಚ್ಚು ಅನ್ನೂದು ನನಗ ಒಗ್ಗೂದಿಲ್ಲ. ಬಣ್ಣ ಬಿಡು, ಹೊತ್ತು ನೋಡು, ರಾಗಕ್ಕೂ ಹೊತ್ತು ಇರ್ತದ. ಬಿಸಿಲೇರೂ ಮುಂದ ತಗದದ್ದಕ್ಕ ತೋಡಿ, ಮಧ್ಯಾಹ್ನ ಇಳಿದ ಮ್ಯಾಲೆ ಭೀಮ್‌ಪಲಾಸಿ, ಹೊತ್ತು ಮುಳುಗೂವಾಗ ಮಾರ್ವಾ. ಮಾರ್ವಾದಾಗ ಪಂಚಮ ಅಂದ್ರ ‘ಪ’ ಸ್ವರ ಇಲ್ಲ, ಷಡ್ಜ ಅಂದ್ರ ‘ಸ’ದ ಮ್ಯಾಲೂ ಬಾಳ ಹೊತ್ತು ನಿಲ್ಲೂದಿಲ್ಲ. ಬಂದೇನವಾಜ್ ದರ್ಗಾದ ಹೊರಗ, ಮಾರಿ ಉಳದ ಗುಲಾಬಿ ಬುಟ್ಟಿಯೊಳಗ ಸಂಜೀಗೆ ಬಾಡಿದ್ವು, ಅವನ್ನೂ ತಗದೀನಿ. ಅದಕ್ಕ ಮಾರ್ವಾ ಬಿಟ್ಟು ಬ್ಯಾರೆ ರಾಗ ಹೊಂದಲೇ ಇಲ್ಲ.

ಇನ್ನ ಲಯ. ಭೀಮಸೇನ ಜೋಶಿಯವರ ತೋಡಿ ಹಚ್ಚಿ ನೋಡು. ವಿಲಂಬಿತ ಅಂದ್ರ ನಿಧಾನ ಲಯದ ಏಕತಾಲ, 12 ಮಾತ್ರಿ ಅಂದ್ರ ತಾಳದ ಎಣಿಕಿ, ಒಂದು ಆವರ್ತನಕ್ಕ, ಅಂದ್ರ ಒಂದು ಸುತ್ತಿಗೆ, ಹೆಚ್ಚುಕಮ್ಮಿ ಒಂದು ನಿಮಿಷನೇ ಹಿಡೀತದ. ಆ್ಯಪ್ ಅಂತೂ ಕಣ್ಣು ಮಿಟಕಿಸೂದ್ರಾಗ ಫೋಟೋ ಬದಲಿಸ್ತದ. ನಾ ಸಮ್, ಅಂದ್ರ ಸುತ್ತಿನ ಮೊದಲ ಮಾತ್ರಿ, ಮತ್ತ ಬರೂತನ ಒಂದೇ ಹೂ ಇಟ್ಟೀನಿ. ನಿಮ್ಮಪ್ಪಾಜಿ "ಟಿವಿ ಕೆಟ್ಟದೇನು?" ಅಂದ್ರು. ಅನ್ಲಿ ಬಿಡು. ಅಷ್ಟು ಹೊತ್ತು ನೋಡಿದ್ರನೇ ಒಳಗಿನ ಎಸಳಿನ ಸಂದ್ಯಾಗ ಕೂತ ಸಣ್ಣ ಹುಳ ಕಣ್ಣಿಗೆ ಬೀಳ್ತದ. ಮಲ್ಲಿಕಾರ್ಜುನ ಮನಸೂರರದು ಬ್ಯಾರೆ. ಅವರು ಹಾಡೂ ಜೈಪುರ ಘರಾಣೆ ಅನ್ನೂ ಗಾಯನ ಪರಂಪರೆಯವರ ವಿಲಂಬಿತ ಅಷ್ಟು ನಿಧಾನ ಅಲ್ಲ. ತೀನ್‌ತಾಲದ 16 ಮಾತ್ರಿ ಬೇಗ ಸುತ್ತಿ ಬರ್ತಾವ. ಅದಕ್ಕ ಅವರ ಹಾಡಿಗೆ ಒಂದೇ ಗಿಡದ ಹೂ, ಮೊಗ್ಗಿನಿಂದ ಉದುರೂತನ, ಸಾಲಾಗಿ ಜೋಡಿಸೀನಿ. ಅದು ನಿನಗ ಹಿಡಸ್ತದ.

ಯೂಟ್ಯೂಬಿಗೆ ಹಾಕಬ್ಯಾಡ, ಧ್ವನಿಮುದ್ರಣದ ಹಕ್ಕು ಕಂಪನಿಯವರದು. ಮನ್ಯಾಗ ನೋಡ್ರಿ, ಸಾಕು.

ನಸುಕಿನ ರಾಗ ಲಲಿತ್‌ಗೆ ಮಾತ್ರ ಇನ್ನೂ ಒಂದೂ ಫೋಟೋ ಇಲ್ಲ. ನಸುಕಿನ್ಯಾಗ ಬೆಳಕು ಕಮ್ಮಿ, ಶಟರ್ ನಿಧಾನ ಆಗ್ತದ, ಕೈ ಅಲಗಾಡಿ ಹೂ ಮಸುಕಾಗ್ತದ. ಎಳ್ಳ ಅಮಾಸಿಗೆ ಬರೂವಾಗ ನಿನ್ನ ಟ್ರೈಪಾಡ್ ತಗೊಂಡು ಬಾ. ಹೊಲಕ್ಕ ಹೊಂಡೂದಕ್ಕಿಂತ ಮೊದಲ ಹಿತ್ತಲದ ಬಿಳಿ ಗುಲಾಬಿ ತಗಿಯೂಣು. ಭಜ್ಜಿ ಕಾಯಿಪಲ್ಲೆ ನಾ ರಾತ್ರೀನೇ ಹೆಚ್ಚಿ ಇಟ್ಟಿರ್ತೀನಿ.

ನಿನ್ನ
ಅವ್ವ